ಹಾರಿಸದೆ ಬಿಟ್ಟ ಗುಂಡು

ನವೆಂಬರ್ ಮುಗಿಯುವ ಹೊತ್ತಿಗೆ ಅಮೆರಿಕದ ನಮ್ಮ ಮ್ಯಾಡಿಸನ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗಿಬಿಡುತ್ತದೆ. ಭಾನುವಾರ ರಾತ್ರಿ ಏಳರ ಸುಮಾರಿಗೆ ಪಕ್ಕದ ಮನೆಯವರ ಪಿಕಪ್ ಬಂದು ನಿಂತ ಸದ್ದಾಯಿತು. ಶಾಲು ಹೊದ್ದು ಹಿತ್ತಲ ಬೇಲಿಯ ಹತ್ತಿರ ಹೋದೆ. ಎಪ್ಪತ್ತು ದಾಟಿದ ಅವರು ಕಿತ್ತಳೆ ಬಣ್ಣದ ಕೋಟು ಬಿಚ್ಚಿ ಕೊಡವುತ್ತಿದ್ದರು. ಒಣಗಿದ ಓಕ್ ಎಲೆಯ ಚೂರು ಅಷ್ಟೂ ಉದುರಿತು.

"ಈ ಸಲ ಏನಾಯಿತು?" ಅಂತ ಕೇಳಿದೆ.

"ಒಂದು ಫ್ರೀಜರಿನಲ್ಲಿದೆ, ಒಂದು ಕಾಡಿನಲ್ಲೇ ಇದೆ" ಅಂದರು.

ನಮ್ಮ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋವಿಯಿಂದ ಜಿಂಕೆ ಹೊಡೆಯುವ ಮುಖ್ಯ ಸೀಸನ್ ಒಂಬತ್ತು ದಿನದ್ದು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ, ಹಬ್ಬ ಕಳೆದ ಭಾನುವಾರಕ್ಕೆ ಮುಗಿಯುತ್ತದೆ. ಲೈಸೆನ್ಸ್ ಪಡೆದು ಕಾಡಿಗಿಳಿಯುವವರು ಐದು ಲಕ್ಷಕ್ಕೂ ಹೆಚ್ಚು ಜನ. ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ ಇರಲೇಬೇಕು. 2016ರಿಂದ ಗುಲಾಬಿಯೂ ನಡೆಯುತ್ತದೆ. ಹೊಡೆದ ಜಿಂಕೆಯನ್ನು ಹಿಂದೆಲ್ಲ ಊರಿನ ಪೆಟ್ರೋಲ್ ಬಂಕಿಗೋ ಬಾರಿಗೋ ಸಾಗಿಸಿ ನೋಂದಾಯಿಸಬೇಕಿತ್ತಂತೆ. ಅಲ್ಲಿ ನಾಲ್ಕು ಜನ ಸೇರಿ ಕೊಂಬು ಎಣಿಸಿ, ಕಥೆ ಹೇಳಿ, ಕೇಳಿ ಹೋಗುತ್ತಿದ್ದರು. 2015ರಿಂದ ನೋಂದಣಿ ಫೋನಿನಲ್ಲೇ ಮುಗಿಯುತ್ತದೆ. ಹಾಗಾಗಿ ಕಥೆಗಳೆಲ್ಲ ಈಗ ಬೇಲಿಯ ಹತ್ತಿರ ಬರುತ್ತವೆ. ನನಗೆ ಅದರಿಂದ ಲಾಭವೇ ಆಗಿದೆ.

ಫ್ರೀಜರಿನಲ್ಲಿರುವುದನ್ನು ಹೊಡೆದವನು ಅವರ ಮೊಮ್ಮಗ, ಹದಿನಾಲ್ಕು ವರ್ಷದ ಹುಡುಗ. ಎರಡನೆಯ ದಿನ ಸಂಜೆ ಹೆಣ್ಣು ಜಿಂಕೆಯೊಂದಕ್ಕೆ ಗುಂಡು ಹಾರಿಸಿದ. ತಗುಲಿತು, ಆದರೆ ಸರಿಯಾದ ಜಾಗಕ್ಕಲ್ಲ. ಜಿಂಕೆ ಬೆನ್ನು ಬಗ್ಗಿಸಿಕೊಂಡು ಇಳಿಜಾರಿಗೆ ಓಡಿತು. ಹುಡುಗ ಅಟ್ಟಣೆಯಿಂದ ಇಳಿದು ಅಳುವುದಕ್ಕೇ ಶುರುಮಾಡಿದನಂತೆ. ಅಜ್ಜ ಬೈಯಲಿಲ್ಲ. ಕೂಡಲೇ ಬೆನ್ನು ಹತ್ತಿದರೆ ಗಾಯಗೊಂಡ ಪ್ರಾಣಿ ಇನ್ನೂ ದೂರ ಓಡುತ್ತದೆ. ಅದಕ್ಕೇ ಇಬ್ಬರೂ ಮರದ ಬುಡದಲ್ಲಿ ಕೂತು ಕಾದರು. ಆಮೇಲೆ ಟಾರ್ಚ್ ಹಿಡಿದು ರಕ್ತ ನೋಡಿಕೊಂಡು ಹೊರಟರು. ಓಕ್ ಎಲೆಯೇ ಕೆಂಪುಗಂದು, ಅದರ ಮೇಲೆ ಸಾಸಿವೆ ಕಾಳಿನಷ್ಟು ರಕ್ತ. ಒಂದು ಹನಿ ಸಿಕ್ಕಲ್ಲಿ ಅಜ್ಜ ಗುರುತಿಗೆ ನಿಲ್ಲುವುದು, ಹುಡುಗ ಮಂಡಿಯೂರಿ ಮುಂದಿನ ಹನಿ ಹುಡುಕುವುದು. ಎರಡು ಕಡೆ ಜಾಡು ತಪ್ಪಿತು. "ಸಾಕು, ಬೆಳಿಗ್ಗೆ ನೋಡೋಣ" ಅಂತ ಹುಡುಗ ಅಂದಾಗ, "ನೀನು ಹಾರಿಸಿದ್ದು, ನೀನೇ ಮುಗಿಸಬೇಕು" ಅಂದರಂತೆ ಅಜ್ಜ. ರಾತ್ರಿ ಒಂಬತ್ತು ದಾಟಿದ ಮೇಲೆ ತೊರೆಯ ಪಕ್ಕದಲ್ಲಿ ಸತ್ತು ಬಿದ್ದಿದ್ದ ಜಿಂಕೆ ಸಿಕ್ಕಿತು. ಹುಡುಗ ಅದರ ಕುತ್ತಿಗೆಯ ಮೇಲೆ ಕೈ ಇಟ್ಟು ತುಂಬ ಹೊತ್ತು ಸುಮ್ಮನೆ ಕೂತಿದ್ದನಂತೆ.

ಇನ್ನು ಕಾಡಿನಲ್ಲೇ ಉಳಿದ ಜಿಂಕೆಯ ಕಥೆ. ಕೊನೆಯ ದಿನದ ಕೊನೆಯ ಅರ್ಧ ಗಂಟೆ. ಎಂಟು ಕವಲಿನ ಗಂಡು ಜಿಂಕೆ ಗುಡ್ಡದ ನೆತ್ತಿಯ ಮೇಲೆ ಬಂದು ಅಡ್ಡ ನಿಂತಿತು. ಇವರು ಸೇಫ್ಟಿ ತೆಗೆದು ದುರ್ಬೀನಿನಲ್ಲಿ ನೋಡಿದರೆ, ಜಿಂಕೆಯ ಹಿಂದೆ ಬರೀ ಆಕಾಶ. ಗುಂಡು ತಪ್ಪಿದರೆ, ಇಲ್ಲವೇ ಮೈ ತೂರಿ ಹೋದರೆ ತಡೆಯಲು ಮಣ್ಣಿಲ್ಲ. ಗುಡ್ಡದಾಚೆಗೆ ಇನ್ನೊಬ್ಬರ ದನದ ಕೊಟ್ಟಿಗೆ ಇದೆ, ಸಂಜೆ ಅಲ್ಲಿ ಯಾರಾದರೂ ಹಾಲು ಕರೆಯುತ್ತಿರುತ್ತಾರೆ. ಅವರು ಸೇಫ್ಟಿಯನ್ನು ಮತ್ತೆ ಹಾಕಿದರು. ಆ ಟಿಕ್ ಸದ್ದಿಗೆ ಜಿಂಕೆ ಒಂದು ಕಿವಿ ಮಾತ್ರ ತಿರುಗಿಸಿತು. ಭುಜ ನೆಕ್ಕಿಕೊಂಡಿತು. ಆಮೇಲೆ ಆಚೆ ಕಡೆಗೆ ಇಳಿದು ಹೋಯಿತು.

"ಬೇಜಾರಾಗಲಿಲ್ಲವೇ?" ಅಂದೆ.

"ಗುರಿಯನ್ನೂ ನೋಡು, ಗುರಿಯ ಹಿಂದೇನಿದೆ ಅಂತಲೂ ನೋಡು. ಕೋವಿ ಪಾಠದಲ್ಲಿ ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತೇವೆ. ನಾನೇ ಮರೆತರೆ ಹೇಗೆ?" ಅಂದರು. ಇಲ್ಲಿ 1973ರಿಂದೀಚೆಗೆ ಹುಟ್ಟಿದವರು ಲೈಸೆನ್ಸ್ ಪಡೆಯಬೇಕಾದರೆ ಬೇಟೆ ಸುರಕ್ಷತೆಯ ತರಬೇತಿ ಕಡ್ಡಾಯ. ಅವರು ಆ ತರಬೇತಿ ಕೊಡುವ ಸ್ವಯಂಸೇವಕರು.

ಮಲೆನಾಡಿನ ಕೊಪ್ಪದ ಕಡೆ ಹುಟ್ಟಿ ಬೆಳೆದ ನನಗೆ ಈ ಮಾತು ಹೊಸದಲ್ಲ. ನಮ್ಮಜ್ಜನ ಹತ್ತಿರ ಕೇಪಿನ ಕೋವಿ ಇತ್ತು. ಈಡಿಗೆ ಹೋದವರು ಬೇಟೆ ತಂದರೆ ಪಾಲು ಹಾಕುವುದೇ ಒಂದು ಶಾಸ್ತ್ರ. ಹೊಡೆದವನಿಗೊಂದು, ಕಾಡು ಸೋವಿ ಪ್ರಾಣಿ ಎಬ್ಬಿಸಿದವರಿಗೊಂದು, ನಾಯಿಗೂ ಒಂದು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಈಡು ನಿಂತಿತು. ಕೋವಿ ಅಟ್ಟ ಸೇರಿತು. ಚುನಾವಣೆ ಬಂದಾಗ ಪೊಲೀಸ್ ಠಾಣೆಯಲ್ಲಿ ಇಟ್ಟು ಬರುವುದಕ್ಕೆ ಮಾತ್ರ ಅದನ್ನು ಕೆಳಗಿಳಿಸುತ್ತಿದ್ದರು. ಆ ಕಾಯ್ದೆ ಬಂದದ್ದು ಒಳ್ಳೆಯದೇ ಆಯಿತು ಅಂತ ನಾನು ಮನಸಾರೆ ನಂಬುತ್ತೇನೆ. ನಮ್ಮ ಕಾಡಿನಲ್ಲಿ ಹುಲಿಯೂ ಸೀಳುನಾಯಿಯೂ ಉಳಿದಿವೆ, ಕಡವೆ, ಜಿಂಕೆಗಳು ಅವುಗಳ ಪಾಲು.

ಇಲ್ಲಿಯ ಲೆಕ್ಕ ಬೇರೆ. ತೋಳಗಳನ್ನು ಜನ ಕೊಂದು ಮುಗಿಸಿದ್ದರು. ಉತ್ತರದ ಕಾಡಿಗೆ ಅವು ಮರಳಿವೆ, ಆದರೆ ನಮ್ಮ ದಕ್ಷಿಣದ ಜೋಳದ ಹೊಲಗಳ ಸೀಮೆಯಲ್ಲಿ ಜಿಂಕೆಯನ್ನು ಹಿಡಿತದಲ್ಲಿಡುವುದು ಬೇಟೆಗಾರರೇ. 2000ದ ಇಸವಿಯಲ್ಲಿ ರಾಜ್ಯದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜಿಂಕೆ ಹೊಡೆದರು. ಆದರೂ ಸಂತತಿ ಬತ್ತಲಿಲ್ಲ. ಸಂಖ್ಯೆ ಮಿತಿಮೀರಿದರೆ ಜಿಂಕೆಗಳು ಓಕ್ ಸಸಿಗಳನ್ನು ಮೇಲೇಳಲು ಬಿಡುವುದಿಲ್ಲ. ಇದೇ ಊರಿನ ವಿಶ್ವವಿದ್ಯಾಲಯದಲ್ಲಿ 1933ರಿಂದ ಪ್ರಾಧ್ಯಾಪಕರಾಗಿದ್ದ ಆಲ್ಡೊ ಲಿಯೋಪೋಲ್ಡ್ ಇದನ್ನು ಹೇಳಲು ಹೋಗಿ ಜನರ ಕೋಪಕ್ಕೆ ಗುರಿಯಾದರು. ಅವರೂ ಬೇಟೆಗಾರರೇ.

ಇನ್ನೊಂದು ಸಂಕಟವೂ ಇದೆ. ನಮ್ಮ ಡೇನ್ ಕೌಂಟಿಯಲ್ಲಿ 2001ರ ನವೆಂಬರಿನಲ್ಲಿ ಹೊಡೆದ ಮೂರು ಜಿಂಕೆಗಳಲ್ಲಿ ಮಿದುಳು ಸವೆಸುವ ರೋಗವೊಂದು ಇರುವುದು 2002ರ ಫೆಬ್ರವರಿಯಲ್ಲಿ ಪತ್ತೆಯಾಯಿತು. ಇಲ್ಲಿ ಎಲ್ಲರೂ ಅದನ್ನು ಸಿಡಬ್ಲ್ಯುಡಿ ಅನ್ನುತ್ತಾರೆ. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನಿನಿಂದ ಬರುವ ಕಾಯಿಲೆ. ಜಿಂಕೆ ಬಡಕಲಾಗಿ, ಜೊಲ್ಲು ಸುರಿಸಿ ಸಾಯುತ್ತದೆ. ಅಡುಗೆಯ ಬೆಂಕಿಗೆ ಆ ಪ್ರೋಟೀನು ಬಗ್ಗುವುದಿಲ್ಲ. ಮನುಷ್ಯರಿಗೆ ತಗುಲಿದ ದಾಖಲೆ ಇಲ್ಲ. ಆದರೂ ಪರೀಕ್ಷೆಯಾಗದ ಮಾಂಸ ತಿನ್ನಬೇಡಿ ಅಂತ ಎಚ್ಚರಿಸುತ್ತಾರೆ. ಅದಕ್ಕೇ ಈಗ ಸೀಸನ್ನಿನ ಕೊನೆಯ ಕೆಲಸವೆಂದರೆ ಐದಿಂಚು ಕುತ್ತಿಗೆ ಸಮೇತ ತಲೆ ಕತ್ತರಿಸಿ, ಚೀಟಿ ಕಟ್ಟಿ, ಅದಕ್ಕೆಂದೇ ಇಟ್ಟಿರುವ ಪೆಟ್ಟಿಗೆಗೆ ಹಾಕಿ ಬರುವುದು. ಪರೀಕ್ಷೆಗೆ ಖರ್ಚಿಲ್ಲ, ಕಾಯಬೇಕು ಅಷ್ಟೆ. ಮೊಮ್ಮಗನೇ ಹೋಗಿ ಹಾಕಿ ಬಂದನಂತೆ.

ರಾತ್ರಿ ಊರಿಗೆ ಫೋನ್ ಮಾಡಿ ದೊಡ್ಡಪ್ಪನಿಗೆ ಗುಡ್ಡದ ನೆತ್ತಿಯ ಜಿಂಕೆಯ ಕಥೆ ಹೇಳಿದೆ. ಆ ಕಡೆ ಬೆಳಗಾಗಿತ್ತು, ಕಾಫಿ ಕುಡಿಯುತ್ತಿದ್ದರು. ಪೂರ್ತಿ ಕೇಳಿ, "ಹೊಡಿಲಿಲ್ವಂತಾ? ಹಾಗಾದ್ರೆ ಅವ್ರು ಈಡುಗಾರ್ರು ಕಣೆ" ಅಂದರು.

ನನಗೂ ಹಾಗೇ ಅನ್ನಿಸುತ್ತದೆ. ನೋಂದಣಿಯ ಪಟ್ಟಿಗೆ ಬರುವುದು ಹೊಡೆದ ಜಿಂಕೆಗಳು ಮಾತ್ರ. ಗುಡ್ಡದ ಮೇಲೆ ಹಾರಿಸದೆ ಬಿಟ್ಟ ಗುಂಡು, ಟಾರ್ಚ್ ಹಿಡಿದು ಕಳೆದ ಆ ರಾತ್ರಿ ಯಾವ ಪಟ್ಟಿಗೂ ಬರುವುದಿಲ್ಲ. ಹುಡುಗ ಕಲಿತದ್ದು ಅವುಗಳಿಂದಲೇ.

ಸೋಮವಾರದಿಂದ ಹತ್ತು ದಿನ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯವರ ಸರದಿ. ನಮ್ಮಜ್ಜನ ಕೋವಿಯ ಜಾತಿಯದೇ. ಪಕ್ಕದ ಮನೆಯವರು ಅದಕ್ಕೆ ಹೋಗುವುದಿಲ್ಲವಂತೆ, ಮಂಡಿ ನೋವು. ನಮಗೆಂದು ಎರಡು ಪೊಟ್ಟಣ ಎತ್ತಿಟ್ಟಿದ್ದಾರೆ. ಪರೀಕ್ಷೆಯ ಫಲಿತಾಂಶ ಬರಲು ಇನ್ನೊಂದು ವಾರ ಬೇಕು. ಅಲ್ಲಿಯವರೆಗೆ ಅವು ಅವರ ಗ್ಯಾರೇಜಿನ ಫ್ರೀಜರಿನಲ್ಲೇ ಇರುತ್ತವೆ.