‘ನಾನು’ ಮತ್ತು ಕಿಟಕಿ ಸೀಟು

ಬೀದರ್ ಬಸ್ ನಿಲ್ದಾಣ. ಔರಾದ್ ಬಸ್ಸಿಗೆ ಕಾದಿದ್ದ ಮಾವ, ಭಾಲ್ಕಿಯ ಅಳಿಯನ ಮೊಬೈಲಿನೊಳಗೆ ಇಣುಕಿದ.

“ಏನ್ ನೋಡ್ಲತ್ತಿ?”

“‘ಘೋಸ್ಟ್ ಇನ್ ದ ಶೆಲ್’. 1995ರ ಜಪಾನಿ ಅನಿಮೆ, ಮಾಮೊರು ಓಶಿಯಿದು. ಅದರಾಗಿನ ನಾಯಕಿ ಮೈಯೆಲ್ಲ ಯಂತ್ರ ಮಾಮಾ, ಮಿದುಳಷ್ಟೇ ಉಳದದ. ಹಂಗಾದ್ರ ‘ನಾನು’ ಅಂದ್ರ ಯಾರು?”

ಪಿಯುಸಿಗೆ ಮೂರು ಸಲ ಕೂತವನಿಗೆ ಈ ಪ್ರಶ್ನೆ ಸಹಜವೇ.

ಮಾವ ಬಿದ್ರಿ ಹೂಜಿಯ ಪೊಟ್ಟಣ ಬಿಚ್ಚಿದ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂಡಿಸಿದ ಮೈ. ಕೋಟೆಯ ಮಣ್ಣು, ನವಸಾಗರದಲ್ಲಿ ಮಿಂದು ಸತುವೆಲ್ಲ ಕಪ್ಪಾಗಿತ್ತು. ಬೆಳ್ಳಿ ಮಾತ್ರ ಜಪ್ಪಯ್ಯ ಅಂದಿರಲಿಲ್ಲ.

“ಇದರಾಗ ಹೂಜಿ ಯಾವುದು? ಸತುವೋ, ಬೆಳ್ಳಿಯೋ, ಮಣ್ಣೋ?”

“ಸೀಸನ್ ಎರಡರಾಗ ಹೇಳ್ತಾರೇನೋ.”

“ಬಸವಕಲ್ಯಾಣದಾಗ 12ನೇ ಶತಮಾನದಾಗೇ ಸೀಸನ್ ಒಂದು ಆಗ್ಯದ. ಅದನ್ನ ನೋಡೀದೇನು?”

“ಸಬ್‌ಟೈಟಲ್ ಅದಾವೇನ್ರಿ?”

ಅಷ್ಟರಲ್ಲಿ ಭಾಲ್ಕಿ ಬಸ್ಸು ಬಂತು. ‘ನಾನು’ ಯಾರೆಂದು ಕೇಳುತ್ತಿದ್ದವನು ಕಿಟಕಿಯೊಳಗೆ ಟವೆಲ್ ಎಸೆದು ಕೂಗಿದ: “ಏ, ಅದು ನಂದು!”