ಕೇಶಸಂಧಿ ಪ್ರಕರಣ, ಅಥವಾ ‘ಸ್ವಲ್ಪ’ ಎಂಬ ಅವ್ಯಯದ ವಿಚಾರ

ಕನ್ನಡದ ಮೊದಲ ಕೇಶಶಾಸ್ತ್ರಜ್ಞ ಯಾರು ಎಂಬ ಪ್ರಶ್ನೆಯನ್ನು ನಮ್ಮ ವಿದ್ವಾಂಸರು ಈವರೆಗೆ ಕೈಗೆತ್ತಿಕೊಳ್ಳದಿರುವುದು ಸೋಜಿಗ. ಉತ್ತರ ಕಣ್ಣೆದುರೇ ಇದೆ. ಕ್ರಿ.ಶ. 1260ರ ಸುಮಾರಿನಲ್ಲಿದ್ದ ಆ ಮಹನೀಯನ ಹೆಸರು ಕೇಶಿರಾಜ. ಬರೆದ ಗ್ರಂಥ ‘ಶಬ್ದಮಣಿದರ್ಪಣ’. ಕೇಶವಿದೆ, ಕನ್ನಡಿಯಿದೆ, ಇನ್ನು ಬೇಕಾದ್ದು ತಿರುಗುವ ಕುರ್ಚಿಯೊಂದೇ. ಇಷ್ಟು ಶತಮಾನ ಇದನ್ನು ವ್ಯಾಕರಣವೆಂದು ಓದಿದ್ದು ‘ಶಬ್ದ’ ಎಂಬ ಒಂದು ಶಬ್ದಕ್ಕೆ ಮರುಳಾಗಿ. ನಾನು ಅದರ ಸಂಧಿಪ್ರಕರಣವನ್ನು ನನ್ನ ತಲೆಗೇ ಅನ್ವಯಿಸಿ ನೋಡಿದೆ. ಒಂದು ಸೂತ್ರವೂ ತಪ್ಪಲಿಲ್ಲ.

ಈ ಸಂಶೋಧನೆಗೆ ಕಾರಣ ಮೂರು ತಿಂಗಳ ಹಿಂದಿನ ಒಂದು ದುರಂತ. ಮಗಳ ಒತ್ತಾಯಕ್ಕೆ ಮಣಿದು, ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಹೊಸದಾಗಿ ತೆರೆದಿದ್ದ ಎ.ಸಿ. ಸಲೂನಿಗೆ ಹೋದೆ. ಕಪ್ಪು ಏಪ್ರನ್ ತೊಟ್ಟ ಹುಡುಗ “ಹೇಗ್ ಬೇಕು ಸರ್?” ಎಂದ. “ಸ್ವಲ್ಪ ಶಾರ್ಟ್ ಮಾಡಪ್ಪ” ಎಂದೆ. ಮನೆಗೆ ಬಂದಾಗ ಬಾಗಿಲು ತೆಗೆದ ಹೆಂಡತಿ ಕೇಳಿದ್ದು ಒಂದೇ ಮಾತು: “ಲಾಡು ಎಲ್ರೀ?”

ಊರಿನಲ್ಲಿ ಹಡಪ ಹಿಡಿದು ಮನೆಗೇ ಬರುತ್ತಿದ್ದ ಹಿರಿಯರು ‘ಹೇಗೆ ಬೇಕು’ ಎಂದು ಒಮ್ಮೆಯೂ ಕೇಳಿದವರಲ್ಲ. ನಮ್ಮ ತಾತ, ಅಪ್ಪ, ನಾನು, ಮೂರು ತಲೆಮಾರಿನ ತಲೆಗಳೂ ಅವರಿಗೆ ಬಾಯಿಪಾಠ. ನನಗೆ ಎರಡು ಸುಳಿ ಇರುವುದನ್ನೂ, ಆದಕಾರಣ ಎರಡು ಮದುವೆ ಖಚಿತವೆಂಬುದನ್ನೂ ಅಮ್ಮನ ಎದುರೇ ಘೋಷಿಸಿದವರು ಅವರು. ಎರಡನೆಯದು ಇನ್ನೂ ಆಗಿಲ್ಲ. ಸುಳಿಯ ವಿಷಯದಲ್ಲಿ ಮಾತ್ರ ಅವರ ಕತ್ತರಿ ಎಂದೂ ತಪ್ಪಲಿಲ್ಲ. ಎಡಸುಳಿಯ ಬಳಿ ಕೂದಲು ಗಿಡ್ಡ ಮಾಡಿದರೆ ಹುಂಜದ ಜುಟ್ಟಿನಂತೆ ಎದ್ದು ನಿಲ್ಲುತ್ತದೆಂದು ಬಲ್ಲವರು ಲೋಕದಲ್ಲಿ ಅವರೊಬ್ಬರೇ. ಹೊಸ ಹುಡುಗನಿಗೆ ಇದನ್ನೆಲ್ಲ ಹೇಳಬೇಕಾದವನು ನಾನು. ನಾನೋ, ‘ಸ್ವಲ್ಪ’ ಎಂದು ಹೇಳಿ ಕಣ್ಣು ಮುಚ್ಚಿದೆ.

ಈಗ ಶಾಸ್ತ್ರಕ್ಕೆ ಬರೋಣ. ಮೊದಲನೆಯದು ಲೋಪಸಂಧಿ. ಸ್ವರದ ಮುಂದೆ ಸ್ವರ ಬಂದಾಗ ಅರ್ಥ ಕೆಡದಂತಿದ್ದರೆ ಹಿಂದಿನ ಸ್ವರ ಬಿಟ್ಟುಹೋಗುವುದು ಲೋಪ. ಇಲ್ಲಿ ‘ಅರ್ಥ ಕೆಡದಂತಿದ್ದರೆ’ ಎಂಬ ಷರತ್ತೇ ಪ್ರಾಣ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿವೆ. ದಿನಕ್ಕೆ 50ರಿಂದ 100 ಉದುರಿದರೆ ಅದು ಅರ್ಥ ಕೆಡದ ಲೋಪ. ಅದನ್ನು ಬಾಚಣಿಗೆಯಿಂದ ಬಿಡಿಸಿ ಎಣಿಸುತ್ತ ಕೂರುವವರ ಅರ್ಥವೇ ಕೆಟ್ಟಿದೆ. ಹಿಡಿಹಿಡಿಯಾಗಿ ಉದುರಿದರೆ ಮಾತು ಬೇರೆ. ಆಗ ನಾವು ಮಾಡುವ ಮೊದಲ ಕೆಲಸ ಕಳೆದ ವಾರ ತಂದ ಶಾಂಪೂವನ್ನು ಬೈಯುವುದು. ಪಾಪ, ಅದು ನಿರಪರಾಧಿ. ಡೆಂಗ್ಯೂ, ಟೈಫಾಯ್ಡ್, ಹೆರಿಗೆ ಇವು ಬಂದುಹೋದಾಗ ಬೆಳೆಯುತ್ತಿದ್ದ ಕೂದಲು ಒಟ್ಟಾಗಿ ವಿಶ್ರಾಂತಿಗೆ ಇಳಿದು, ಎರಡು ಮೂರು ತಿಂಗಳ ನಂತರ ಒಟ್ಟಾಗಿಯೇ ಉದುರುತ್ತವೆ. ಅಪರಾಧ ನಡೆದದ್ದು ಯುಗಾದಿಗೆ, ದಸ್ತಗಿರಿಯಾದದ್ದು ಆಷಾಢದಲ್ಲಿ ಸಿಕ್ಕಿದವನು! ಬಲ್ಲ ಸ್ಟೈಲಿಸ್ಟ್ ಶಾಂಪೂ ಹೆಸರು ಕೇಳುವುದಕ್ಕೆ ಮುಂಚೆ “ಈ ನಡುವೆ ಜ್ವರ ಬಂದಿತ್ತಾ?” ಎಂದು ಕೇಳುತ್ತಾನೆ. ಇಂಥ ಲೋಪ ಸಾಮಾನ್ಯವಾಗಿ ತಾನಾಗಿ ತುಂಬಿಕೊಳ್ಳುತ್ತದೆ.

ಇನ್ನೊಂದು ಲೋಪ ತಲೆಯ ಹಿಂಭಾಗದಲ್ಲಿ, ರೂಪಾಯಿ ನಾಣ್ಯದಷ್ಟು ಅಗಲಕ್ಕೆ, ನುಣ್ಣಗೆ ಆಗುತ್ತದೆ. ಆಯುರ್ವೇದ ಇದನ್ನು ಇಂದ್ರಲುಪ್ತವೆನ್ನುತ್ತದೆ, ನಮ್ಮ ಕಡೆ ‘ಹುಳ ತಿಂದಿದೆ’ ಎನ್ನುತ್ತಾರೆ. ಹುಳ ನಿರಪರಾಧಿ, ದೇಹದ ರೋಗನಿರೋಧಕ ಪಡೆಯೇ ಕೂದಲಿನ ಬೇರಿನ ಮೇಲೆ ದಂಡೆತ್ತಿ ಹೋಗಿರುತ್ತದೆ. ತನ್ನ ಹಿಂತಲೆ ತನಗೆ ಕಾಣದಿರುವುದು ಮನುಷ್ಯನ ಮೂಲಭೂತ ಸ್ಥಿತಿ. ಅದನ್ನು ಮೊದಲು ನೋಡುವವನು ಕತ್ತರಿ ಹಿಡಿದವನು. ಆಗ ಅವನು “ಚರ್ಮದ ಡಾಕ್ಟರಿಗೆ ತೋರಿಸಿ” ಎಂದರೆ ಅವನನ್ನು ಬಿಡಬೇಡಿ. ಮೇಜಿನ ಕೆಳಗಿನಿಂದ ಎಣ್ಣೆ ಶೀಶೆ ತೆಗೆದರೆ ತಕ್ಷಣ ಎದ್ದುಬನ್ನಿ. ಹೊದಿಸಿದ ಬಟ್ಟೆ ಕೊರಳಲ್ಲೇ ಇದ್ದರೂ ಚಿಂತೆಯಿಲ್ಲ.

ಆಗಮಸಂಧಿಯಲ್ಲಿ ಹೆಚ್ಚು ತೊಡಕಿಲ್ಲ. ಅದು ಎರಡು ಬಗೆ. ವಕಾರಾಗಮವೆಂದರೆ ವಿಗ್ಗು. ಯಕಾರಾಗಮವೆಂದರೆ ಯೆಕ್ಸ್‌ಟೆನ್ಷನ್. ಅಜ್ಜಿಯ ಚೌರಿಯನ್ನು ಯಾವುದಕ್ಕೆ ಸೇರಿಸಬೇಕೆಂಬ ಬಗ್ಗೆ ಮತಭೇದವಿದೆ. ಅಜ್ಜಿ ಇಲ್ಲದ್ದರಿಂದ ಅದನ್ನು ಬಿಟ್ಟಿದ್ದೇನೆ.

ಆದೇಶಸಂಧಿಯಲ್ಲಿ ಕ ತ ಪ ಗಳಿಗೆ ಗ ದ ಬ ಗಳು ಬರುತ್ತವೆ. ಕಪ್ಪಿನ ಪಕಾರಕ್ಕೆ ಬಿಳಿಯ ಬಕಾರ ಬರುವುದನ್ನು ನಲವತ್ತು ದಾಟಿದ ಯಾರಾದರೂ ಕನ್ನಡಿಯಲ್ಲಿ ಪರೀಕ್ಷಿಸಿಕೊಳ್ಳಬಹುದು. ಈ ಆದೇಶವನ್ನು ರದ್ದುಮಾಡಲು ಹೊರಟವರು ಬಣ್ಣದ ಪೆಟ್ಟಿಗೆಯೊಳಗಿನ ಚೀಟಿಯನ್ನು ಓದುವುದಿಲ್ಲ. ಹೆಚ್ಚಿನ ಕಪ್ಪು ಬಣ್ಣಗಳಲ್ಲಿ ಪಿ.ಪಿ.ಡಿ. ಎಂಬ ರಾಸಾಯನಿಕವಿದೆ. ಕೆಲವರಿಗೆ ಅದು ಒಗ್ಗದೆ ಮುಖ ಊದಿಕೊಳ್ಳುತ್ತದೆ. ಕಿವಿಯ ಹಿಂದೆ ಒಂದು ಬೊಟ್ಟು ಹಚ್ಚಿ 48 ಗಂಟೆ ಕಾಯಿರಿ ಎಂದು ಹೇಳುವುದು ಅದಕ್ಕೇ. ಮಗಳ ಮದುವೆಯ ಹಿಂದಿನ ದಿನ ಬಣ್ಣ ತರುವ ಜನಾಂಗಕ್ಕೆ 48 ಗಂಟೆ ಎಲ್ಲಿ ಸಿಗಬೇಕು? ಮೆಹಂದಿ ಹಚ್ಚಿದ ತಲೆಯವರು ಇನ್ನೂ ದೊಡ್ಡ ಗುಟ್ಟನ್ನು ಮುಚ್ಚಿಡುತ್ತಾರೆ. ಕೆಲವು ಪೊಟ್ಟಣದ ಮೆಹಂದಿಗಳಲ್ಲಿ ಲೋಹದ ಲವಣ ಬೆರೆತಿರುತ್ತದೆ. ಅದರ ಮೇಲೆ ಸಲೂನಿನ ಬ್ಲೀಚ್ ಬಿದ್ದರೆ ಕೂದಲು ಬಿಸಿಯಾಗಿ ಸುಟ್ಟಂತಾಗುತ್ತದೆ. ವಕೀಲರಿಗೆ, ವೈದ್ಯರಿಗೆ ಸುಳ್ಳು ಹೇಳಬಾರದು ಎಂಬ ಪಟ್ಟಿಗೆ ಮೂರನೆಯ ಹೆಸರನ್ನು ಸೇರಿಸಲು ಇದು ಸಾಕು.

ಕೆರಾಟಿನ್ ಟ್ರೀಟ್‌ಮೆಂಟ್ ಎಂಬುದು ಯಾವ ಸಂಧಿಗೂ ಸೇರುವುದಿಲ್ಲ. ಕೂದಲು ಕೆರಾಟಿನ್ನಿನಿಂದಲೇ ಆದದ್ದು. ಹಾಗಾಗಿ ಇದು ಹಸುವಿಗೆ ಹಾಲು ಕುಡಿಸಿದ ಹಾಗೆ. ಇಂಥ ಹಲವು ದ್ರವಗಳು ಇಸ್ತ್ರಿಯ ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೆಡದಂತೆ ಇಡುವ ಫಾರ್ಮಲಿನ್ ಅದರದ್ದೇ ದ್ರಾವಣ. ಕಣ್ಣುರಿ ಬಂದರೆ ಸೌಂದರ್ಯ ಬರುತ್ತಿದೆ ಎಂದುಕೊಳ್ಳದೆ ಶೀಶೆಯ ಮೇಲಿನ ಅಕ್ಷರ ತೋರಿಸಲು ಕೇಳುವುದು ಗಿರಾಕಿಯ ಹಕ್ಕು.

ಇನ್ನು ಪ್ರಕೃತಿಭಾವ. ಸ್ವರದೆದುರು ಸ್ವರ ಬಂದರೂ ಸಂಧಿಯಾಗದೆ ಇದ್ದ ಹಾಗೇ ಇರುವುದು. ಶಾಲೆಯ ಪುಸ್ತಕದಲ್ಲಿ ಇದಕ್ಕೆ ‘ಅಬ್ಬಾ’, ‘ಅಯ್ಯೋ’ಗಳ ಉದಾಹರಣೆ ಕೊಡುತ್ತಾರೆ. ಗುಂಗುರುಕೂದಲಿನ ಮಗಳ ತಲೆ ಬಾಚುವ ತಾಯಂದಿರ ಬಾಯಲ್ಲಿ ಬರುವುದೂ ಇವೇ ಎರಡು ಪದ. ಶಾಸ್ತ್ರಕಾರರಿಗೆ ಕೂದಲಿನ ಅನುಭವವಿತ್ತು ಎನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಇಷ್ಟೆಲ್ಲ ಪೀಠಿಕೆಯಾದ ಮೇಲೆ ಮುಖ್ಯ ವಿಚಾರ: ‘ಸ್ವಲ್ಪ’. ದರ್ಪಣದ ಕೊನೆಯ ಪ್ರಕರಣ ಅವ್ಯಯ. ಅವ್ಯಯವೆಂದರೆ ವ್ಯಯವಿಲ್ಲದ್ದು. ಸಲೂನಿನೊಳಗೆ ವ್ಯಯವಿಲ್ಲದ್ದು ಇದೊಂದೇ ಪದವೆಂದು ನಂಬಿ ನಾನು ಕೆಟ್ಟೆ. ‘ಸ್ವಲ್ಪ ಜರುಗಿ’ ಎಂದರೆ ಬಸ್ಸಿನಲ್ಲಿ ಒಂದು ಆಸನ, ‘ಸ್ವಲ್ಪ ಹೊತ್ತು’ ಎಂದರೆ ಸರ್ಕಾರಿ ಕಚೇರಿಯಲ್ಲಿ ಒಂದು ದಿನ. ಹಾಗಾದರೆ ತಲೆಯ ಮೇಲೆ ಎಷ್ಟು?

ಬೆರಳಿನಲ್ಲಿ ಅಳೆಯೋಣವೆಂದರೆ ಯಾರ ಬೆರಳು? ಹೂವಾಡಗಿತ್ತಿಯ ಮೊಳಕ್ಕೂ ಕೊಳ್ಳುವವಳ ಮೊಳಕ್ಕೂ ಇರುವ ವ್ಯತ್ಯಾಸ ಮಾರುಕಟ್ಟೆಯಷ್ಟೇ ಹಳೆಯದು. ಸಾಲದ್ದಕ್ಕೆ ಒದ್ದೆ ಕೂದಲು ಸುಳ್ಳು ಹೇಳುತ್ತದೆ. ನೀರು ಕೂದಲೊಳಗಿನ ಹೈಡ್ರೋಜನ್ ಬಂಧಗಳನ್ನು ಸಡಿಲಿಸುವುದರಿಂದ ಗುಂಗುರು ಜೋತುಬೀಳುತ್ತದೆ. ಹುಬ್ಬಿನವರೆಗೆಂದು ಕತ್ತರಿಸಿದ್ದು ಒಣಗಿದ ಮೇಲೆ ಹಣೆಯ ನಡುವಿಗೆ ಹಾರಿರುತ್ತದೆ. ಆದ್ದರಿಂದ ನನ್ನ ಸಿದ್ಧಾಂತ ಇಷ್ಟು: ‘ಸ್ವಲ್ಪ’ವನ್ನು ಅಂಗುಲದಲ್ಲಿ ಅಳೆಯಬಾರದು, ತಿಂಗಳಿನಲ್ಲಿ ಅಳೆಯಬೇಕು. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಒಂದು ಬೆರಳಗಲ ಹೋದರೆ ಎರಡು ತಿಂಗಳು, ಒಂದು ಗೇಣು ಹೋದರೆ ಒಂದೂವರೆ ವರ್ಷಕ್ಕೂ ಮೇಲೆ. ಬೆಳೆಯುವುದು ಬುಡದಲ್ಲಿ, ತುದಿಗೆ ಅದರ ಸುದ್ದಿಯೇ ಇಲ್ಲ. ಹೀಗಾಗಿ ಕತ್ತರಿಸಿದರೆ ಬೇಗ ಬೆಳೆಯುತ್ತದೆ ಎಂಬ ವಾದ ಬಿದ್ದುಹೋಯಿತು. ಕವಲೊಡೆದ ತುದಿಯೂ ಯಾವ ಎಣ್ಣೆಗೂ ಮತ್ತೆ ಕೂಡುವುದಿಲ್ಲ. ಕಾವ್ಯದಲ್ಲಿ ವಿಸಂಧಿ ಒಂದು ದೋಷ, ತಲೆಯಲ್ಲೂ ಹಾಗೆಯೇ. ಅದಕ್ಕೆ ಮದ್ದು ಕತ್ತರಿಯೊಂದೇ.

ಸಾಹಿತ್ಯದಲ್ಲಿ ‘ಸ್ವಲ್ಪ’ ಎನ್ನದೆ ಸ್ಪಷ್ಟವಾಗಿ ಮಾತಾಡಿದ ಗಿರಾಕಿ ದ್ರೌಪದಿ. ಯಾವ ದ್ರವ್ಯ, ಯಾರ ದೇಹದಿಂದ ತೆಗೆದದ್ದು, ಯಾರ ಕೈಯಿಂದ, ಎಲ್ಲವನ್ನೂ ಮೊದಲೇ ಹೇಳಿಟ್ಟಿದ್ದಳು. ಹದಿಮೂರು ವರ್ಷ ಕಾದರೂ ಹೇಳಿದ್ದೇ ಆಯಿತು. ಸ್ಟೈಲಿಸ್ಟ್ ಭೀಮನಾಗಿದ್ದೂ ಗೊಂದಲವಾಗಲಿಲ್ಲ.

ಎರಡನೆಯ ಸಲ ನಾನೂ ಸಿದ್ಧನಾಗಿ ಹೋದೆ. ಸುಳಿಗಳ ನಕ್ಷೆ, ಹಚ್ಚಿದ ಬಣ್ಣಗಳ ಇತಿಹಾಸ, ‘ಸ್ವಲ್ಪ = ಒಂದು ತಿಂಗಳು’ ಎಂಬ ಸೂತ್ರ, ಎಲ್ಲ ಸೇರಿ ನಾಲ್ಕು ಪುಟ. ಅದೇ ಹುಡುಗ. ನಗದೆ ಓದಿದ, ಅದು ಅವನ ದೊಡ್ಡತನ. ಬೆರಳಾಡಿಸಿ ನೋಡಿ, “ಮನೇಲಿ ಯಾವ ನೀರು ಸರ್?” ಎಂದ. ನನ್ನ ನಾಲ್ಕು ಪುಟದಲ್ಲಿ ಇಲ್ಲದಿದ್ದ ಪ್ರಶ್ನೆ ಅದೊಂದೇ. ಬೋರ್‌ವೆಲ್ಲು, ಬೇಸಿಗೆಯಲ್ಲಿ ಟ್ಯಾಂಕರು ಎಂದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತು ಅದನ್ನು ಒರಟು ಮಾಡುತ್ತದೆ, ಕೊನೆಗೆ ಒಂದು ಚೊಂಬು ಕುಡಿಯುವ ನೀರು ಹುಯ್ದುಕೊಳ್ಳಿ ಎಂದ. ಸ್ನಾನಕ್ಕೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ, ಅದು ಕೂದಲ ಒಳಕ್ಕೆ ಇಳಿಯುತ್ತದೆ ಎಂದ. ಅಮ್ಮ ಇದನ್ನೇ ಬಿಟ್ಟಿಯಾಗಿ ಹೇಳುತ್ತಿದ್ದಳು, ಆಗ ನಾನು ಕೇಳಲಿಲ್ಲ. ಕತ್ತರಿ ಕೈಗೆತ್ತಿಕೊಳ್ಳುತ್ತಾನೆಂದು ಕಾದೆ. ಅವನು ಬಟ್ಟೆ ಬಿಚ್ಚಿ ಕೊಡವಿದ.

“ಎರಡು ತಿಂಗಳು ಸುಮ್ನೆ ಬಿಡಿ ಸರ್. ಬರ್ತದೆ.”

ಪ್ರಕೃತಿಭಾವ! ಏಳುನೂರೈವತ್ತು ವರ್ಷದ ಹಳೆಯ ಶಾಸ್ತ್ರ ಅವನ ಬಾಯಲ್ಲಿ ಎರಡು ವಾಕ್ಯವಾಗಿತ್ತು. ಹಣ ಕೊಡಲು ಹೋದರೆ, “ಕಟಿಂಗ್ ಮಾಡಿಲ್ವಲ್ಲ ಸರ್” ಎಂದು ತೆಗೆದುಕೊಳ್ಳಲಿಲ್ಲ. ಅವ್ಯಯ ಪ್ರಕರಣಕ್ಕೆ ಕೊನೆಗೂ ಒಂದು ಉದಾಹರಣೆ ಸಿಕ್ಕಿತು.

ಈ ಪ್ರಬಂಧವನ್ನು ಓದಿ ಉತ್ಸಾಹಗೊಂಡವರು ತಮ್ಮ ‘ಸ್ವಲ್ಪ’ ಎಷ್ಟು ತಿಂಗಳು ಎಂದು ಚೀಟಿಯಲ್ಲಿ ಬರೆದುಕೊಂಡು ಇಂದೇ ಹೊರಡಬಹುದು. ಇಂದು ಮಂಗಳವಾರವಾಗಿದ್ದರೆ ಮಾತ್ರ ಬೇಡ. ನಮ್ಮ ಕಡೆ ಸಲೂನಿಗೆ ಅವತ್ತು ಬಾಗಿಲು ಹಾಕಿರುತ್ತಾರೆ.