ಉಭಯದ್ವೇಷಿಯ ಮತ: ಒಂದು ಅಭಾವ ಮೀಮಾಂಸೆ

ಜಗತ್ತಿನ ಪದಾರ್ಥಗಳನ್ನೆಲ್ಲ ಪಟ್ಟಿ ಮಾಡಹೊರಟ ವೈಶೇಷಿಕರು ದ್ರವ್ಯ, ಗುಣ, ಕರ್ಮ ಎಂದು ಆರರವರೆಗೆ ಎಣಿಸಿ, ಕಾಲಾಂತರದಲ್ಲಿ ಏಳನೆಯದಾಗಿ ‘ಅಭಾವ’ವನ್ನೂ ಸೇರಿಸಿಕೊಂಡರು. ನೆಲದ ಮೇಲೆ ಗಡಿಗೆ ಇಲ್ಲವೆಂದರೆ ಅಲ್ಲಿ ಏನೂ ಇಲ್ಲವೆಂದಲ್ಲ, ಗಡಿಗೆಯ ಅಭಾವ ಇದೆ ಎಂದರ್ಥ. ಇದರಿಂದ ಯಾರ ಹೊಟ್ಟೆ ತುಂಬಿತು ಎಂದು ಅಂದಿನಿಂದ ಗೊಣಗುತ್ತ ಬಂದವರಿಗೆ ಅಮೆರಿಕದ ಮತದಾರರು 2016ರ ನವೆಂಬರ್ 8ರಂದು ಉತ್ತರ ಕೊಟ್ಟರು. ಅಂದು ಮತಗಟ್ಟೆಯಿಂದ ಹೊರಬಂದವರನ್ನು ಕೇಳಿ ನಡೆಸಿದ ಸಮೀಕ್ಷೆಯಲ್ಲಿ ಶೇ. 18ರಷ್ಟು ಜನ ಹಿಲರಿ ಕ್ಲಿಂಟನ್ನೂ ಬೇಡ, ಡೊನಾಲ್ಡ್ ಟ್ರಂಪೂ ಬೇಡ ಎನ್ನುವವರಾಗಿದ್ದರು. ಆದರೂ ಅವರು ಸಾಲಿನಲ್ಲಿ ನಿಂತು, ಗುರುತು ಹಾಕಿ ಬಂದಿದ್ದರು. ಈ ವರ್ಗಕ್ಕೆ ಪ್ರಸ್ತುತ ಪ್ರಬಂಧವು ‘ಉಭಯದ್ವೇಷಿ’ ಎಂಬ ಪಾರಿಭಾಷಿಕ ನಾಮವನ್ನು ಕೊಡುತ್ತದೆ. ಇವರಲ್ಲಿ ಶೇ. 47 ಮಂದಿ ಟ್ರಂಪ್‌ಗೆ, ಶೇ. 30 ಮಂದಿ ಕ್ಲಿಂಟನ್‌ಗೆ ಮತ ಹಾಕಿದರು. ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಮೂರೂ ಸೇರಿ ಎಂಬತ್ತು ಸಾವಿರ ಮತಗಳೂ ಇಲ್ಲದ ಅಂತರದಲ್ಲಿ ತೀರ್ಮಾನವಾದ ಆ ಚುನಾವಣೆಯಲ್ಲಿ, ಜಗತ್ತಿನ ಅತಿ ಬಲಿಷ್ಠ ಕುರ್ಚಿಯ ಕೀಲಿ ಇದ್ದದ್ದು ಯಾರನ್ನೂ ಒಲ್ಲದವರ ಕಿಸೆಯಲ್ಲಿ.

ಒಲ್ಲದವನು ಹಾಕುವ ಮತದ ವಿಷಯವೇನು ಎಂಬುದೇ ಇಲ್ಲಿನ ಜಿಜ್ಞಾಸೆ. ರಾಜ್ಯಶಾಸ್ತ್ರಜ್ಞರು ಇದನ್ನು ‘ಎರಡು ಕೆಡುಕುಗಳಲ್ಲಿ ಸಣ್ಣದು’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಕನ್ನಡ ನುಡಿ ಇನ್ನೂ ಆಳಕ್ಕಿಳಿದಿದೆ. ನಾವು ‘ಇದ್ದುದರಲ್ಲಿ ವಾಸಿ’ ಎನ್ನುತ್ತೇವೆ. ವಾಸಿಯಾಗುವುದು ಕಾಯಿಲೆ ಎಂಬುದನ್ನು ಆ ಪದ ಮರೆತಿಲ್ಲ. ಪೆರುವಿನ ಕಾದಂಬರಿಕಾರ ಮಾರಿಯೊ ವಾರ್ಗಾಸ್ ಯೋಸಾ ಕನ್ನಡ ಬಾರದೆಯೂ ಇಲ್ಲಿಗೇ ಬಂದು ತಲುಪಿದ್ದರು. ತಮ್ಮ ದೇಶದ 2011ರ ಚುನಾವಣೆಗೆ ಮುಂಚೆ, ಒಯಾಂಟಾ ಉಮಾಲಾ ಮತ್ತು ಕೆಯ್ಕೊ ಫುಜಿಮೋರಿ ನಡುವಿನ ಆಯ್ಕೆಯನ್ನು ಅವರು ಏಡ್ಸ್ ಮತ್ತು ಕೊನೆಯ ಹಂತದ ಕ್ಯಾನ್ಸರ್‌ಗಳ ನಡುವಿನ ಆಯ್ಕೆಗೆ ಹೋಲಿಸಿದ್ದರು. ಅಂತಿಮ ಸುತ್ತಿಗೆ ಆ ಇಬ್ಬರೇ ಉಳಿದಾಗ ಉಮಾಲಾರನ್ನು ಬಹಿರಂಗವಾಗಿ ಬೆಂಬಲಿಸಿದರು. ನೊಬೆಲ್ ಪಡೆದವರಿಗೂ ತಪ್ಪದ ಗತಿ ಸಾಮಾನ್ಯ ಮತದಾರನಿಗೆ ತಪ್ಪೀತೆ?

ನಮ್ಮ ಸಿದ್ಧಾಂತ ಹೀಗಿದೆ. ಶಾಸ್ತ್ರದಲ್ಲಿ ಅಭಾವ ನಾಲ್ಕು ಬಗೆ. ಅವುಗಳಲ್ಲಿ ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ ಎನ್ನುವುದು ಅನ್ಯೋನ್ಯಾಭಾವ. ಟ್ರಂಪ್ ಅಲ್ಲದಿರುವುದು ಕ್ಲಿಂಟನ್‌ರ ಪರಮ ಅರ್ಹತೆ, ಕ್ಲಿಂಟನ್ ಅಲ್ಲದಿರುವುದು ಟ್ರಂಪ್‌ರದ್ದು. ಉಭಯದ್ವೇಷಿ ಮತ ಹಾಕುವುದು ಗಡಿಗೆಗೂ ಅಲ್ಲ ಬಟ್ಟೆಗೂ ಅಲ್ಲ, ಈ ‘ಅಲ್ಲ’ಕ್ಕೆ. ದುರದೃಷ್ಟವಶಾತ್ ಮತಪತ್ರದಲ್ಲಿ ‘ವಿರುದ್ಧ’ ಎಂಬ ಅಂಕಣವಿಲ್ಲ. ಆದ್ದರಿಂದ ಬಟ್ಟೆಯನ್ನು ತಡೆಯಲು ಗಡಿಗೆಯ ಮುಂದೆ ಗುರುತು ಹಾಕಬೇಕು. ಎಣಿಸುವ ಯಂತ್ರ ಅದನ್ನು ಪ್ರೀತಿಯೆಂದೇ ಎಣಿಸುತ್ತದೆ. ಇದಕ್ಕಿಂತ ಶುದ್ಧವಾದ ಉದಾಹರಣೆ ಫ್ರಾನ್ಸಿನದು. 2002ರ ಏಪ್ರಿಲ್ 21ರಂದು ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಹದಿನಾರು ಅಭ್ಯರ್ಥಿಗಳ ನಡುವೆ ಜಾಕ್ ಶಿರಾಕ್‌ಗೆ ಸಿಕ್ಕಿದ್ದು ಶೇ. 19.88. ಎರಡೇ ವಾರ ಕಳೆದು ಮೇ 5ರಂದು ಎದುರಿಗೆ ತೀವ್ರ ಬಲಪಂಥೀಯ ಜಾನ್ ಮರಿ ಲ ಪೆನ್ ನಿಂತಾಗ ಅದೇ ಶಿರಾಕ್‌ಗೆ ಶೇ. 82.21. ಹದಿನಾಲ್ಕು ದಿನದಲ್ಲಿ ಮನುಷ್ಯ ನಾಲ್ಕುಪಟ್ಟು ಒಳ್ಳೆಯವನಾಗುವುದು ಯಾವ ವೈದ್ಯಶಾಸ್ತ್ರದಲ್ಲೂ ಕಂಡುಬಂದಿಲ್ಲ. ಎಡಪಂಥೀಯರು ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿಕೊಂಡು, ಕೈಗೆ ಗವಸು ತೊಟ್ಟು ಮತಗಟ್ಟೆಗೆ ಹೋಗುವ ಮಾತಾಡಿದರು. ಫ್ಯಾಸಿಸ್ಟನಿಗಿಂತ ಕಳ್ಳ ವಾಸಿ ಎಂಬರ್ಥದ ಘೋಷಣೆ ಬೀದಿಯಲ್ಲಿ ಮೊಳಗಿತು. ಗೆದ್ದವನ ಕೊರಳಿಗೆ ಬಿದ್ದ ಹಾರ ಸೋತವನಿಗೆಂದು ಎಸೆದ ಚಪ್ಪಲಿಗಳದ್ದು ಎಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಹಾಗಾದರೆ ಪಕ್ಷಗಳಾದರೂ ಒಳ್ಳೆಯವರನ್ನು ನಿಲ್ಲಿಸಬಾರದೆ ಎಂದು ಪೂರ್ವಪಕ್ಷ. ಇದು ಮುಗ್ಧರ ಪ್ರಶ್ನೆ. ತರ್ಕಶಾಸ್ತ್ರದಲ್ಲಿ ಒಂದನ್ನು ಸಾಧಿಸಲು ಇನ್ನೊಂದು, ಆ ಇನ್ನೊಂದನ್ನು ಸಾಧಿಸಲು ಮೊದಲನೆಯದು ಬೇಕಾದರೆ ಅದು ಅನ್ಯೋನ್ಯಾಶ್ರಯ ದೋಷ. ರಾಜಕಾರಣದಲ್ಲಿ ಅದಕ್ಕೆ ಪ್ರಚಾರತಂತ್ರ ಎಂದು ಹೆಸರು. ಬೀಳಲಿರುವ ಎರಡು ಗೋಡೆಗಳು ಪರಸ್ಪರ ಒರಗಿ ನಿಂತಿರುವಾಗ ಒಂದನ್ನು ದುರಸ್ತಿ ಮಾಡಿ ನೆಟ್ಟಗೆ ನಿಲ್ಲಿಸಿದರೆ ಇನ್ನೊಂದು ಕುಸಿಯುತ್ತದೆ, ನಿಜ. ಆದರೆ ದುರಸ್ತಿಯ ಖರ್ಚು ಯಾರದು? ಪಕ್ಷದ ಅಭ್ಯರ್ಥಿಯನ್ನು ಆರಿಸುವ 2016ರ ಪ್ರಾಥಮಿಕ ಸುತ್ತುಗಳಲ್ಲಿ ಅರ್ಹ ಮತದಾರರಲ್ಲಿ ನೂರಕ್ಕೆ ಮೂವತ್ತು ಜನವೂ ಮತ ಹಾಕಲಿಲ್ಲ. ಬಂದವರು ತಮ್ಮ ಪಕ್ಷದ ಕಟ್ಟಾಳುಗಳು. ಅಡುಗೆ ಮಾಡುವಾಗ ಒಲೆಯ ಬಳಿ ಸುಳಿಯದೆ, ಬಡಿಸುವಾಗ ಉಪ್ಪು ಹೆಚ್ಚಾಯಿತೆಂದು ಗೊಣಗುವ ಸಂಪ್ರದಾಯ ನಮ್ಮ ಮದುವೆಮನೆಗಳಿಗಷ್ಟೇ ಸೀಮಿತವಲ್ಲ.

ಮೂರನೆಯವರಿಗೆ ಹಾಕಬಹುದಿತ್ತಲ್ಲ ಎಂಬುದು ಇನ್ನೊಂದು ಆಕ್ಷೇಪ. 2016ರಲ್ಲಿ ಹಾಗೆ ನಿಂತಿದ್ದ ಗ್ಯಾರಿ ಜಾನ್ಸನ್, ಜಿಲ್ ಸ್ಟೈನ್ ಇಬ್ಬರಿಗೂ ಸೇರಿ ಸಿಕ್ಕಿದ್ದು ಶೇ. 5ಕ್ಕಿಂತ ಕಡಿಮೆ. ಹೆಚ್ಚು ಮತ ಪಡೆದ ಒಬ್ಬನೇ ಗೆಲ್ಲುವ ಪದ್ಧತಿಯಲ್ಲಿ ಕಣ ಎರಡು ಪಕ್ಷಗಳಿಗೆ ಕುಗ್ಗುತ್ತದೆ ಎಂದು ಮೋರಿಸ್ ದ್ಯುವರ್ಜೆ 1951ರಲ್ಲೇ ಬರೆದಿಟ್ಟಿದ್ದಾರೆ. ಅತ್ತ ದರಿ, ಇತ್ತ ಪುಲಿ ಇರುವವನಿಗೆ ನಡುವೆ ಒಂದು ಸುಂದರವಾದ ಹೂಬಳ್ಳಿ ತೋರಿಸಿದರೆ ಅವನು ಹೂ ಕೀಳುತ್ತ ಕೂರುವುದಿಲ್ಲ. ಜನ ಇಷ್ಟಪಟ್ಟೇ ಮತ ಹಾಕಿದ ಉದಾಹರಣೆಯಾಗಿ 1952ರ ಐಸೆನ್‌ಹೋವರ್ ಉರುಫ್ ‘ಐಕ್’ರನ್ನು ತರುವವರೂ ಇದ್ದಾರೆ. ‘ಐ ಲೈಕ್ ಐಕ್’ ಎಂದು ಬಿಲ್ಲೆ ಮಾಡಿಸಿ ಎದೆಗೆ ಸಿಕ್ಕಿಸಿಕೊಳ್ಳಬೇಕಾಗಿ ಬಂದದ್ದೇ ಆ ಭಾವ ಎಷ್ಟು ಅಪರೂಪವೆಂಬುದಕ್ಕೆ ಸಾಕ್ಷಿ.

ಅಭಾವಕ್ಕೆ ಮತಪತ್ರದಲ್ಲೇ ಒಂದು ಸಾಲು ಕೊಟ್ಟರೆ? ಈ ಪ್ರಯೋಗವೂ ಆಗಿದೆ. ನೆವಾಡಾ ರಾಜ್ಯ 1975ರಲ್ಲಿ ‘ಈ ಅಭ್ಯರ್ಥಿಗಳಲ್ಲಿ ಯಾರೂ ಅಲ್ಲ’ ಎಂಬ ಆಯ್ಕೆಯನ್ನು ಕಾನೂನಾಗಿಸಿತು. ವೈಶೇಷಿಕದ ಮೂಲಪುರುಷ ಕಣಾದರ ಮತಸ್ಥರು ಅಲ್ಲಿನ ಶಾಸನಸಭೆಗೆ ಹೇಗೆ ನುಸುಳಿದರೆಂಬುದು ಸಂಶೋಧನೆಗೆ ತೆರೆದ ವಿಷಯ. 2014ರ ಡೆಮಾಕ್ರಟಿಕ್ ಪಕ್ಷದ ಗವರ್ನರ್ ಅಭ್ಯರ್ಥಿಯ ಸ್ಪರ್ಧೆಯಲ್ಲಿ ಈ ‘ಯಾರೂ ಅಲ್ಲ’ ಸುಮಾರು ಶೇ. 30 ಮತ ಪಡೆದು ಮೊದಲ ಸ್ಥಾನಕ್ಕೆ ಬಂದಿತು. ಆದರೆ ಅಭಾವ ಪ್ರಮಾಣವಚನ ಸ್ವೀಕರಿಸಲಾರದೆಂದು ಕಾನೂನು ಹೇಳಿದ್ದರಿಂದ ಅದರ ಹಿಂದೆ ಬಿದ್ದವರೇ ಅಭ್ಯರ್ಥಿಯಾದರು. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ಇಷ್ಟು ಅಕ್ಷರಶಃ ಜಾರಿಯಾದದ್ದು ವಿರಳ. 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಮಗೆ ಬಂದ ನೋಟಾದ ಕೈಗೂ ಇದೇ ಬೇಡಿ. 2016ರಲ್ಲಿ ನೆವಾಡಾದಲ್ಲಿ ಕ್ಲಿಂಟನ್ ಗೆದ್ದ ಅಂತರ 27,202. ಅಭಾವಕ್ಕೆ ಬಿದ್ದ ಮತ 28,863. ಗೆಲುವಿಗಿಂತ ಇಲ್ಲದಿರುವಿಕೆಯೇ ದೊಡ್ಡದಾದ ಈ ಲೆಕ್ಕವನ್ನು ನಮ್ಮ ಸಿದ್ಧಾಂತದ ಶಿಖರವೆಂದೇ ಭಾವಿಸಬಹುದಾಗಿತ್ತು.

ಆದರೆ 2024ರ ಫೆಬ್ರುವರಿ 6ರಂದು ಅದೇ ನೆವಾಡಾ ಸಿದ್ಧಾಂತಕ್ಕೆ ಮುಳ್ಳು ಚುಚ್ಚಿತು. ರಿಪಬ್ಲಿಕನ್ ಪ್ರಾಥಮಿಕ ಮತದಾನದಲ್ಲಿ ನಿಕ್ಕಿ ಹೇಲಿ ಅವರು ಸುಮಾರು ಶೇ. 30 ಪಡೆದರೆ ‘ಯಾರೂ ಅಲ್ಲ’ ಶೇ. 63 ಬಾಚಿಕೊಂಡಿತು. ವಿಚಾರಿಸಿ ನೋಡಿದರೆ ಆ ಮತಪತ್ರದಲ್ಲಿ ಟ್ರಂಪ್‌ರ ಹೆಸರೇ ಇರಲಿಲ್ಲ. ಎರಡು ದಿನ ಬಿಟ್ಟು ಪಕ್ಷವೇ ನಡೆಸಿದ ಕಾಕಸ್‌ನಲ್ಲಿ ಅವರು ನಿಂತಿದ್ದರು. ಅವರ ಅಭಿಮಾನಿಗಳು ‘ಯಾರೂ ಅಲ್ಲ’ದ ಮುಂದೆ ಗುರುತು ಹಾಕಿ ಬಂದಿದ್ದರು. ಅಂದರೆ ಅಭಾವದ ವೇಷ ತೊಟ್ಟು ಒಳಗೆ ಕೂತಿದ್ದದ್ದು ಗಟ್ಟಿಯಾದ ಭಾವ. ಇದು ಹುಟ್ಟುವ ಮುಂಚಿನ ಪ್ರಾಗಭಾವವಲ್ಲ, ನಾಶವಾದ ನಂತರದ ಪ್ರಧ್ವಂಸಾಭಾವವಲ್ಲ, ಎಂದೆಂದೂ ಇಲ್ಲದಿರುವ ಅತ್ಯಂತಾಭಾವವಂತೂ ಅಲ್ಲವೇ ಅಲ್ಲ. ಅನ್ಯೋನ್ಯಾಭಾವ ಎನ್ನೋಣವೆಂದರೆ ಪಟ್ಟಿಯಲ್ಲಿ ಗಡಿಗೆ ಮಾತ್ರ ಇತ್ತು, ಬಟ್ಟೆ ಪಕ್ಕದ ಅಂಗಡಿಯಲ್ಲಿತ್ತು. ಹೀಗಾಗಿ ಐದನೆಯದೊಂದು ಅಭಾವವನ್ನು ಒಪ್ಪದೆ ಬೇರೆ ದಾರಿಯಿಲ್ಲ. ಆರಕ್ಕೆ ಏಳನೆಯದನ್ನು ಸೇರಿಸಿಕೊಂಡ ಹಿರಿಯರ ಕಡೆಯಿಂದ ಇದಕ್ಕೆ ಆಕ್ಷೇಪ ಬರಲಾರದು.